ಎರಡು ಬೆರಳಿನ ಸಂದಿ

ನಾನು ಗಾಳಿಗೆ ಹೆದರುವ ಹೆಂಗಸು. ಹಲ್ಲಿ, ಜಿರಲೆ, ಕಳ್ಳ, ಇನ್‌ಕಮ್ ಟ್ಯಾಕ್ಸಿನವರು, ಇವರ್ಯಾರಿಗೂ ನಾನು ಅಷ್ಟಾಗಿ ಹೆದರಿದವಳಲ್ಲ. ಬಿರುಗಾಳಿ ಬಂದು ಎದುರುಮನೆಯ ಶೀಟು ಹಾರಿಸಿಕೊಂಡು ಹೋದರೂ ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಆದರೆ ಮುಚ್ಚಿದ ಬಾಗಿಲ ಕೆಳಗಿನಿಂದ ಸದ್ದಿಲ್ಲದೆ ನುಸುಳಿ ಬಂದು ಕಾಲಿನ ಗಂಟನ್ನು ತಣ್ಣಗೆ ಮುಟ್ಟುವ ಗಾಳಿ ಇದೆಯಲ್ಲ, ಅದು ಬಂದರೆ ಮಾತ್ರ ನನ್ನ ಜೀವ ಹಾರಿಹೋಗುತ್ತದೆ.

ಈ ಹೆದರಿಕೆ ನನ್ನ ಸ್ವಂತದ್ದಲ್ಲ, ಕಾನ್ವೆಂಟಿನಿಂದ ತಂದದ್ದು. ಬೆಂಗಳೂರಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್ ಐರ್ಲೆಂಡಿನವರು. ಅವರ ಪ್ರಕಾರ ಮನುಷ್ಯನಿಗೆ ಬರುವ ಸಕಲ ಕಾಯಿಲೆಗಳಿಗೂ ಕಾರಣ ಎರಡೇ. ಒಂದು ಪಾಪ, ಇನ್ನೊಂದು ಡ್ರಾಫ್ಟ್, ಅಂದರೆ ಸಂದಿಯಿಂದ ನುಸುಳುವ ಗಾಳಿ. ಪಾಪಕ್ಕೆ ಚಾಪೆಲ್ ಇತ್ತು. ಡ್ರಾಫ್ಟಿಗೆ ಅವರು ಹಳೆಯ ಉದ್ದನೆಯ ಕಾಲುಚೀಲಗಳಿಗೆ ಮರಳು ತುಂಬಿ, ಬಾಯಿ ಹೊಲಿದು, ಬಾಗಿಲ ಬುಡಕ್ಕೆ ಅಡ್ಡಲಾಗಿ ಮಲಗಿಸುತ್ತಿದ್ದರು. ನಾವು ಹುಡುಗಿಯರು ಅದನ್ನು ಹೆಬ್ಬಾವು ಅನ್ನುತ್ತಿದ್ದೆವು. ಕ್ಲಾಸು ಶುರುವಾಗುವ ಮೊದಲು ಹೆಬ್ಬಾವನ್ನು ಸರಿಯಾಗಿ ಮಲಗಿಸುವ ಜವಾಬ್ದಾರಿ ನನ್ನದು. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲೂ ನಾನು ಆ ಕರ್ತವ್ಯದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ನನಗೆ ಬಂದ ಒಂದೇ ಒಂದು ಗುಡ್ ಕಂಡಕ್ಟ್ ಪ್ರೈಜ್ ಬಹುಶಃ ಅದಕ್ಕೇ ಬಂದದ್ದು.

ಮದುವೆಯಾಗಿ ಈ ಕಡೆ ಬಂದಾಗ ನೋಡಿದೆ, ಇಲ್ಲಿಯೂ ಗಾಳಿಗೆ ಹೆದರುತ್ತಾರೆ. ಸದ್ಯ, ನಮ್ಮವರೇ ಅಂದುಕೊಂಡೆ. ಆದರೆ ಆ ಗಾಳಿ ಬೇರೆ. ಅದು ಸೋಕುವ ಗಾಳಿ, ಮೆಟ್ಟಿಕೊಳ್ಳುವ ಗಾಳಿ. ಅದಕ್ಕೆ ಮರಳಿನ ಹೆಬ್ಬಾವು ನಾಟುವುದಿಲ್ಲ, ನಿಂಬೆಹಣ್ಣು ಮೆಣಸಿನಕಾಯಿ ಬೇಕು. ಸಿಸ್ಟರು ಬಾಗಿಲ ಕೆಳಗೆ ಕಾವಲು ಹಾಕುತ್ತಿದ್ದರು, ನಮ್ಮತ್ತೆ ಬಾಗಿಲ ಮೇಲೆ ಕಾವಲು ಕಟ್ಟುತ್ತಿದ್ದರು. ನಾನು ಎರಡೂ ಮತಕ್ಕೆ ಸೇರಿದವಳಾಗಿ, ಮೇಲೂ ಕೆಳಗೂ ಕಾವಲಿಟ್ಟುಕೊಂಡೇ ಸಂಸಾರ ಮಾಡಿದೆ.

ಯೋಚಿಸಿ ನೋಡಿದರೆ ಬಾಗಿಲಿನ ಗುಟ್ಟೆಲ್ಲ ಅದು ಪೂರ್ತಿ ಮುಚ್ಚದೇ ಇರುವುದರಲ್ಲೇ ಇದೆ. ಹಿರಣ್ಯಕಶಿಪು ಎಂಥ ಜಾಣ! ಒಳಗೂ ಸಾವು ಬರಬಾರದು, ಹೊರಗೂ ಬರಬಾರದು ಎಂದು ವರ ಕೇಳಿ, ಮನೆಯನ್ನು ಎರಡೂ ಕಡೆಯಿಂದ ಭದ್ರ ಮಾಡಿಕೊಂಡ. ಪಾಪ, ಹೊಸ್ತಿಲೊಂದನ್ನು ಮರೆತ. ದೇವರು ಬಂದು ಸರಿಯಾಗಿ ಅಲ್ಲೇ ಕೂತ. ಅಷ್ಟು ದೊಡ್ಡ ತಪಸ್ಸು ಮಾಡಿದವನಿಗೇ ಒಂದು ಸಂದಿ ಉಳಿದುಹೋಗುವುದಾದರೆ ರಾಮನಗರದ ನಮ್ಮ ಮನೆಯ ಬಾಗಿಲು ಯಾವ ಲೆಕ್ಕ?

ನಮ್ಮ ಬೀದಿಬಾಗಿಲಿಗೆ ಎಂಥ ಸಂದಿ ಎಂದು ಹೇಳುತ್ತೇನೆ. ಬಾಗಿಲ ಕೆಳತುದಿ ಮಳೆಗೆ ನೆನೆದು ನೆನೆದು ಕೊಳೆತಿತ್ತು. ಹೊಸ್ತಿಲಿನ ನಡು ನಮ್ಮೆಲ್ಲರ ಕಾಲು ತಾಗಿ ತಾಗಿ ಸವೆದಿತ್ತು. ಎರಡರ ನಡುವೆ ಎರಡು ಬೆರಳು ತೂರುವಷ್ಟು ಜಾಗ. ಬೀದಿಗೆ ಟಾರಿನ ಮೇಲೆ ಟಾರು ಹಾಕಿ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಬರಬೇಕಿದ್ದ ಮನೆ ಈಗ ರಸ್ತೆಗೆ ಸಮನಾಗಿ ಕೂತಿದೆ. ಮಳೆಗಾಲದಲ್ಲಿ ಆ ಸಂದಿಯಿಂದ ನೀರು, ಬೇಸಿಗೆಯಲ್ಲಿ ಧೂಳು, ವರ್ಷವಿಡೀ ಎದುರುಮನೆಯವರು ರೇಷ್ಮೆಗೂಡು ಬೇಯಿಸುವ ವಾಸನೆ. ಚಳಿಗಾಲ ಬಂದರೆ ಬಂಡೆಗಳ ಕಡೆಯಿಂದ ಬೀಸುವ ಗಾಳಿ ನೇರವಾಗಿ ನಮ್ಮ ನಡುಮನೆಗೇ ಬರುತ್ತಿತ್ತು, ವಿಳಾಸ ಬರೆದು ಕಳಿಸಿದ ಹಾಗೆ.

ಈ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಚಿಕ್ಕತಾಯಿ ಮಲಗಿರುತ್ತಿದ್ದಳು.

ಚಿಕ್ಕತಾಯಿ ನನ್ನ ಗಂಡನ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಂಗನೂರಿನ ತವರುಮನೆಗೆ ಬಂದವಳು. ಅಲ್ಲಿನ ಜಮೀನು ಪಾಲಾದ ಮೇಲೆ ನಮ್ಮ ಜೊತೆ ಇರಲು ರಾಮನಗರಕ್ಕೆ ಬಂದಳು. ನನ್ನ ಗಂಡ ಹೋಗಿ ಎಷ್ಟೋ ಕಾಲವಾಯಿತು. ಮಹಡಿಯಲ್ಲಿ ಮಗಳು ವೀಣಾಳ ಸಂಸಾರ, ಕೆಳಗೆ ನಾವಿಬ್ಬರು ಮುದುಕಿಯರು. ಅವಳಿಗೆ ಓದು ಬರಹ ಇಲ್ಲ, ನನಗೆ ರೊಟ್ಟಿ ತಟ್ಟಲು ಬರುವುದಿಲ್ಲ. ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡು ಸುಖವಾಗಿದ್ದೆವು.

ಸಂದಿ ಮುಚ್ಚುವ ವಿದ್ಯೆಯಲ್ಲಿ ನಿಜವಾದ ಎಕ್ಸ್‌ಪರ್ಟ್ ಯಾರು ಎಂದರೆ ಅವಳೇ. ಹೊಸದಾಗಿ ಮದುವೆಯಾದಾಗ ನಾನು ಹೊಂಗನೂರಿನಲ್ಲಿ ಕೆಲವು ತಿಂಗಳಿದ್ದೆ. ಹಿತ್ತಲಿನಲ್ಲಿ ಹುಳದ ಮನೆ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ರೇಷ್ಮೆಹುಳು ತರುವ ಮೊದಲು ಆ ಖಾಲಿ ಮನೆಗೆ ಔಷಧಿ ಹೊಡೆಯಬೇಕು. ಕಣ್ಣು ಉರಿದು ಧಾರೆಯಾಗಿ ನೀರು ಬರುವಂಥ ಔಷಧಿ. ಅದರ ಹಬೆ ಹೊರಗೆ ಹೋಗದ ಹಾಗೆ ಬಾಗಿಲು, ಕಿಟಕಿ, ಗೋಡೆಬಿರುಕು ಎಲ್ಲಕ್ಕೂ ಕಾಗದ ಮೆತ್ತಿಬಿಡುವುದು. ಮಾರನೆಯ ದಿನ ಕಾಗದವೆಲ್ಲ ಕಿತ್ತು, ಗಾಳಿಯಾಡಿಸಿ, ಆಮೇಲೆ ಹುಳು ಒಳಗೆ ತರುವುದು. ಮೆತ್ತುವ ಕೆಲಸ ಚಿಕ್ಕತಾಯಿಯದು. ಹಿಟ್ಟಿನ ಅಂಟನ್ನು ಅಂಗೈಯಲ್ಲೇ ಬಳಿದು ಅವಳು ಕಾಗದ ಎಳೆದಳೆಂದರೆ ಒಂದು ಸೊಳ್ಳೆಯ ಉಸಿರೂ ಆಚೆ ಹೋಗುತ್ತಿರಲಿಲ್ಲ.

ಒಂದು ಸಲ ನಾನು ಸಂಜೆ ಹಿತ್ತಲಿಗೆ ಹೋಗಿ ನೋಡುತ್ತೇನೆ, ಹುಳದ ಮನೆಯ ಬಾಗಿಲ ತುಂಬ ನನ್ನ ಇಂಗ್ಲಿಷ್ ಮ್ಯಾಗಜಿನ್ನು! ತವರಿನಿಂದ ಟ್ರಂಕಿನಲ್ಲಿ ಜೋಪಾನವಾಗಿ ತಂದದ್ದು. ಕೇಕಿಗೆ ಐಸಿಂಗ್ ಮಾಡುವ ವಿಧಾನ ತಲೆಕೆಳಗಾಗಿ ಅಂಟಿಕೊಂಡಿತ್ತು. ನನ್ನ ಕಣ್ಣಲ್ಲಿ ನೀರು. ಔಷಧಿಯದಲ್ಲ, ಸ್ವಂತದ್ದು.

ಚಿಕ್ಕತಾಯಿಗೆ ಗಾಬರಿಯಾಯಿತು. "ಅಯ್ಯೋ, ನಂಗೇನ್ ಗೊತ್ತಿತ್ತು ಅತ್ಗೆ, ಕಾಗ್ದ ಗಟ್ಟಿಯಾಗೈತೆ ಅಂತ ತಗಂಡೆ" ಅಂದಳು. ಆಮೇಲೆ, "ನಾಳೀಕೆ ಕಿತ್ತಾಕೋಗಂಟ ಟೇಮ್ ಐತೆ. ಅಲ್ಲೇ ಕುಂತ್ಕಂಡ್ ಓದ್ಕಬುಡಿ" ಅಂದಳು.

ನಾನು ಕತ್ತು ವಾರೆ ಮಾಡಿಕೊಂಡು ಐಸಿಂಗ್ ಓದಿದೆ. ಅವಳು ಪಕ್ಕದಲ್ಲೇ ಕೂತು ನನ್ನ ಕತ್ತು ತಿರುಗಿದ ಕಡೆಗೆಲ್ಲ ತನ್ನ ಕತ್ತು ತಿರುಗಿಸಿದಳು. ನಮ್ಮ ಸ್ನೇಹ ಶುರುವಾದದ್ದು ಆ ಬಾಗಿಲ ಮುಂದೆ.

ಇಂಥ ಚಿಕ್ಕತಾಯಿ ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಏಳಲಿಲ್ಲ. ಮಂಚ ಬೇಡವೇ ಬೇಡ ಎಂದು ಹಟ ಹಿಡಿದಳು. "ಬಿದ್ದೋಳ್ನ ಇನ್ನೂ ಮ್ಯಾಕೆ ಮಡಗ್ತೀರಾ?" ಅಂದಳು. ನೆಲದ ಮೇಲೆ, ಬಾಗಿಲ ಕಡೆಗೆ ಮುಖ ಮಾಡಿ ಮಲಗಿಸಿದೆವು. ಬೆಳಗಿನ ಹೊತ್ತು ನಾನು ಹಿಂದೆ ಅಡಿಗೆಮನೆಯಲ್ಲಿರುವಾಗ ಅವಳು ಏನೇನೋ ಒದರಿಕೊಳ್ಳುವುದು ಕೇಳಿಸುತ್ತಿತ್ತು. ನನಗೆ ಒಂದು ಕಿವಿ ಮಂದ. ವಯಸ್ಸಾಯಿತಲ್ಲ, ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಪಾಪ ಅಂದುಕೊಳ್ಳುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಅವಳಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಬಂದು, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, "ಥಂಡಿ ಗಾಳಿ ತಾಗದ ಹಾಗೆ ನೋಡಿಕೊಳ್ಳಿ" ಅಂದರು. ಅಷ್ಟು ಸಾಕಾಯಿತು. ನನ್ನೊಳಗೆ ಅರವತ್ತು ವರ್ಷದಿಂದ ನಿವೃತ್ತಿಯಾಗಿದ್ದ ಕಾನ್ವೆಂಟಿನ ಹುಡುಗಿ ಮತ್ತೆ ಡ್ಯೂಟಿಗೆ ಹಾಜರಾದಳು.

ಹಾರ್ಡ್‌ವೇರ್ ಅಂಗಡಿಗೆ ನಾನೇ ಹೋದೆ. ಅಂಗಡಿಯವನು ಅಲ್ಯೂಮಿನಿಯಂ ಪಟ್ಟಿಗೆ ದಪ್ಪ ಕಂದು ರಬ್ಬರು ಸೇರಿಸಿದ್ದನ್ನು ತೆಗೆದು ತೋರಿಸಿದ. "ಮೇಡಂ, ಇದ್ನ ಹಾಕ್ಸುದ್ರೆ ಇರುವೇನೂ ಪರ್ಮಿಶನ್ ತಗಂಡೇ ಒಳಿಕ್ಕೆ ಬರ್ಬೇಕು" ಅಂದ. ಮಾರನೆಯ ದಿನವೇ ಬಡಗಿ ಬಂದು ಕೂರಿಸಿ ಹೋದ. ನಾನು ಊದಿನಕಡ್ಡಿ ಹಚ್ಚಿ ಬಾಗಿಲ ಬುಡದಲ್ಲಿ ಹಿಡಿದೆ. ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ಮೇಲೆ ಹೋಯಿತು. ಸಿಸ್ಟರು ಇದ್ದಿದ್ದರೆ ಇನ್ನೊಂದು ಪ್ರೈಜ್ ಕೊಡುತ್ತಿದ್ದರು.

"ನೋಡು ಚಿಕ್ಕತಾಯಿ, ಹೇಗಿದೆ?" ಅಂದೆ.

ಅವಳು ಹೊಗೆಯನ್ನು ನೋಡಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. "ಬೆಳ್ಕೂ ಬರಾಕಿಲ್ವಾ ಅತ್ಗೆ?"

"ಬೆಳಕಿಗೆ ಟ್ಯೂಬ್‌ಲೈಟ್ ಇದೆಯಲ್ಲ" ಅಂದೆ ನಾನು.

"ಊಂ. ಚೆನ್ನಾಗೈತೆ ಬುಡಿ" ಅಂದಳು.

ಆಮೇಲೆ ಎಲ್ಲವೂ ನಾನು ಅಂದುಕೊಂಡ ಹಾಗೇ ನಡೆಯಿತು. ನಡುಮನೆ ಬೆಚ್ಚಗಾಯಿತು. ವಾಸನೆ ನಿಂತಿತು. ಬೆಳಗಿನ ಒದರಾಟವೂ ನಿಂತಿತು. ಚಿಕ್ಕತಾಯಿ ಗೋಡೆ ಕಡೆ ಹೊರಳಿ ಹಗಲೆಲ್ಲ ನಿದ್ದೆ ಮಾಡತೊಡಗಿದಳು. ಮುದ್ದೆ ಅರ್ಧಕ್ಕಿಳಿಯಿತು, ಆಮೇಲೆ ಕಾಲುಭಾಗಕ್ಕಿಳಿಯಿತು. ಕೆಮ್ಮು ಮಾತ್ರ ಇದ್ದ ಹಾಗೇ ಇತ್ತು. ಡಾಕ್ಟರು ಮತ್ತೆ ಬಂದಾಗ, "ಈಗ ಎಷ್ಟೋ ಪೀಸ್‌ಫುಲ್ ಆಗಿದ್ದಾಳೆ, ಮುಂಚೆ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು" ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ತಲೆಯಾಡಿಸಿದರು. ವೀಣಾ ಮಾತ್ರ, "ಅತ್ತೆ ಯಾಕೋ ಕೈಬಿಟ್ಟು ಹೋಗ್ತಾ ಇದಾರೆ ಅನ್ಸುತ್ತಮ್ಮ" ಅಂದಳು. ಮುಪ್ಪು ಕಣೆ, ನನಗೂ ಬರುತ್ತದೆ, ನಿನಗೂ ಬರುತ್ತದೆ ಎಂದು ನಾನು ಫಿಲಾಸಫಿ ಹೇಳಿ ಕಳಿಸಿದೆ.

ಸಂಕ್ರಾಂತಿಯ ದಿನ ಎದುರುಮನೆಯ ಅಮೀನಾಬಿಗೆ ಎಳ್ಳುಬೆಲ್ಲ ಕೊಡಲು ಹೋದೆ. ಅವರದು ಗೂಡು ಬೇಯಿಸಿ ನೂಲು ತೆಗೆಯುವ ಮನೆತನ. ಅವಳ ಕೈಗಳು ಸದಾ ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತವೆ. ಆ ಕೈಯಲ್ಲೇ ಪೊಟ್ಟಣ ತೆಗೆದುಕೊಂಡು, "ಅಮ್ಮಾ, ಒಂದ್ಮಾತು ಕೇಳ್ತೀನಿ, ಬೇಜಾರಾಗಬಾರ್ದು. ಚಿಕ್ಕತಾಯಮ್ಮಂಗೆ ನನ್ಮೇಲೆ ಏನ್ ಸಿಟ್ಟು?" ಅಂದಳು.

"ಸಿಟ್ಟೇ? ಅವಳು ಎದ್ದೇ ಇಲ್ಲವಲ್ಲಮ್ಮ."

"ಎದ್ದೇಳೋದ್ ಯಾಕೆ? ನೀರ್ ಬಿಟ್ಟಾಗ ನಾನು ಬಿಂದಿಗೆ ತಗೊಂಡು ನಿಮ್ ಬಾಗ್ಲು ಮುಂದೇನೇ ಹೋಗ್ತೀನಲ್ಲ? ದಿನಾ ಒಳಗಿಂದ ಕೂಗೋರು. ’ಏನಮ್ಮೀ ಅಮೀನಾ, ಹಿಮ್ಮಡಿ ಒಡ್ದೈತಲ್ಲ, ಹರಳೆಣ್ಣೆ ಹಚ್ಚು’ ಅನ್ನೋರು. ಬಾಗ್ಲು ಮುಚ್ಚೈತೆ, ಹಿಮ್ಮಡಿ ಹೆಂಗ್ ಕಾಣ್ತು ಅಂತ ಮೊದ್ಲು ನಂಗೆ ಭಯಾನೇ ಆಗ್ಬಿಟ್ಟಿತ್ತು! ಆಮೇಲ್ ಗೊತ್ತಾಯ್ತು. ಹಬ್ಬಕ್ಕೆ ಕಾಲಿಗೆ ಮೆಹಂದಿ ಹಚ್ಕೊಂಡಾಗ ಬೇಕಂತ ನಿಮ್ ಬಾಗ್ಲಲ್ಲಿ ನಿಂತ್ಕೊಂಡೆ. ’ಅಯ್ಯೋ, ಚಂದಾಗೈತೆ ಕಣಮ್ಮೀ, ಒಸಿ ಬಲಗಾಲು ತಿರುಗ್ಸು’ ಅಂದ್ರು." ಅವಳು ನಕ್ಕಳು. ನಗು ಅಲ್ಲೇ ನಿಂತುಹೋಯಿತು. "ದೀಪಾವಳಿಯಿಂದ ಮಾತೇ ಇಲ್ಲ. ನಾನು ನಿಂತು ನಿಂತು ನೋಡಿ ಹೋಗ್ತೀನಿ. ಏನ್ ತಪ್ ಮಾಡ್ದೆ ಅಂತಾನೇ ಗೊತ್ತಾಗ್ಲಿಲ್ಲ."

ನಾನು ಬೀದಿ ದಾಟಿ ಬಂದೆ. ಎಂಟೇ ಹೆಜ್ಜೆಯ ಬೀದಿ, ಆ ದಿನ ಬಹಳ ಅಗಲವಾಗಿತ್ತು. ಒಳಗೆ ಬಂದು ಬಾಗಿಲು ಹಾಕಿ, ಚಿಕ್ಕತಾಯಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೆ. ಆಮೇಲೆ ಮೊಣಕೈ ಊರಿ, ಸೊಂಟ ಇಳಿಸಿ, ಕಂತು ಕಂತಾಗಿ ಮಲಗಿದೆ. ಅವಳ ದಿಂಬಿನ ಮೂಲೆಗೆ ತಲೆಯಿಟ್ಟು ಬಾಗಿಲ ಕಡೆ ನೋಡಿದೆ. ನನ್ನ ಕಣ್ಣಿಗೆ ಸಮನಾಗಿ, ಬಾಗಿಲ ಈ ತುದಿಯಿಂದ ಆ ತುದಿಗೆ, ಕಂದು ರಬ್ಬರು. ನಡುವೆ ನಾಲ್ಕು ಸ್ಕ್ರೂ. ಬಡಗಿ ಚೆನ್ನಾಗಿ ಕೂರಿಸಿದ್ದ.

ಅಷ್ಟರಲ್ಲಿ ವೀಣಾ ಮೆಟ್ಟಿಲಿಳಿದು ಬಂದವಳು ಕಿರುಚಿದಳು. "ಅಮ್ಮಾ! ನೀನೂ ಬಿದ್ಯಾ?"

"ಬಿದ್ದಿಲ್ಲ ಕಣೆ, ಮಲಗಿದೀನಿ."

"ಹಬ್ಬದ ದಿನ ಯಾರಾದ್ರೂ ಹೀಗೆ ನೆಲದ ಮೇಲೆ ಮಲಗ್ತಾರಾ?"

ಈ ಗಲಾಟೆಗೆ ಚಿಕ್ಕತಾಯಿ ಗೋಡೆ ಕಡೆಯಿಂದ ತಲೆ ತಿರುಗಿಸಿದಳು. ಇಷ್ಟು ಹತ್ತಿರದಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಎಷ್ಟು ಕಾಲವಾಗಿತ್ತೋ.

"ನೀನು ಕಾಲು ನೋಡ್ತಿದ್ದೆಯಾ?" ಅಂದೆ.

ಕಳ್ಳತನದಲ್ಲಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಅವಳ ತುಟಿ ಒಂದಿಷ್ಟು ವಾರೆಯಾಯಿತು.

"ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಬಾರದಿತ್ತಾ?"

"ನೀವು ನನ್ ಕೆಮ್ಮಿಗೇಂತ ಓಡಾಡಿ ಮಾಡ್ಸುದ್ರಿ. ಬ್ಯಾಡ ಅನ್ನಕಾಯ್ತದಾ?" ಅಂದಳು. ಕೆಮ್ಮಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಅಲ್ಲ ಅತ್ಗೆ, ನಮ್ಮನೇಲಿ ಔಷ್ದಿ ಹೊಡ್ದು ಬಾಗ್ಲು ಮೆತ್ತುತಿದ್ದುದ್ದು ಯಾವಾಗ? ಹುಳ ಒಳಿಕ್ಕೆ ತರಾಕ್ ಮುಂಚೆ. ನೀವು ಹುಳಾನ ಒಳಗ್ ಮಡೀಕಂಡೇ ಮೆತ್ಬುಟ್ರಲ್ಲಾ!" ಅಂದಳು.

ವೀಣಾ ನಕ್ಕಳು. ಚಿಕ್ಕತಾಯಿಯೂ ನಕ್ಕಳು, ಎದೆಯೆಲ್ಲ ಅಲುಗುವ ಹಾಗೆ. ನಾನೂ ನಗಲು ನೋಡಿದೆ. ಮಲಗಿದವರ ಕಣ್ಣೀರು ಕಿವಿಗೆ ಇಳಿಯುತ್ತದೆ ಎನ್ನುವುದು ಆಗ ಗೊತ್ತಾಯಿತು.

"ಹೇಳಬೇಕಿತ್ತು ಕಣೆ" ಎಂದು ಮತ್ತೆ ಅಂದೆ.

"ನಿಮ್ಮನೆ ಬಾಗ್ಲು ಅತ್ಗೆ" ಅಂದಳು. ಚುಚ್ಚಿ ಹೇಳಿದ್ದಲ್ಲ. ನಿಮ್ಮ ಕನ್ನಡಕ ಅಲ್ಲಿದೆ ಅನ್ನುವ ಹಾಗೆ, ಇರುವುದನ್ನು ಹೇಳಿದ್ದು.

ಹೊಂಗನೂರು ಬಿಟ್ಟು ಬಂದಂದಿನಿಂದ ಆ ಬಾಗಿಲಿಗೆ ದಿನಾ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟವಳು ಅವಳು. ಹೊಸ್ತಿಲಿಗೆ ಅರಿಶಿನ ಬಳಿದವಳು ಅವಳು. ಆ ಹೊಸ್ತಿಲು ನಡುವೆ ಸವೆದಿದೆ ಅಂದೆನಲ್ಲ, ಅದರಲ್ಲಿ ಹೆಚ್ಚಿನ ಪಾಲು ಅವಳದೇ ಕಾಲು. ಇಷ್ಟಾದರೂ ಅದು ನನ್ನ ಬಾಗಿಲೆಂದೇ ಅವಳು ತಿಳಿದಿದ್ದಳು. ಹಾಗಲ್ಲ ಎಂದು ನಾನು ಯಾವತ್ತಾದರೂ ಹೇಳಿದ್ದೆನೇ? ನೆನಪು ಮಾಡಿಕೊಂಡೆ. ಇಂಗ್ಲಿಷಿನಲ್ಲಿ ಥ್ಯಾಂಕ್ಸ್, ಸಾರಿ ಎಂದು ದಿನಕ್ಕೆ ಹತ್ತು ಸಲ ಅನ್ನುವ ನಾನು ಅದೊಂದನ್ನು ಯಾವ ಭಾಷೆಯಲ್ಲೂ ಹೇಳಿದ್ದು ನೆನಪಾಗಲಿಲ್ಲ. ಗಾಳಿ ಬರುವ ಸಂದಿಯಾದರೆ ಊದಿನಕಡ್ಡಿ ಹಿಡಿದು ಪತ್ತೆ ಮಾಡಬಹುದು. ಇಂಥದನ್ನು ಪತ್ತೆ ಮಾಡಲು ಯಾವ ಕಡ್ಡಿ ಹಚ್ಚುವುದು?

ಆ ದಿನ ಸಂಜೆಯೇ ವೀಣಾ ಸ್ಕ್ರೂಡ್ರೈವರ್ ತಂದು ಪಟ್ಟಿ ಬಿಚ್ಚಿದಳು. ನಾನು ಚಿಕ್ಕತಾಯಿಗೆ ಉಣ್ಣೆಯ ಸ್ವೆಟರು ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಸೊಂಟದವರೆಗೆ ರಗ್ಗು ಹೊದಿಸಿ, ಊಟಿಗೆ ಹೊರಟವಳ ಹಾಗೆ ಮಾಡಿ ಬಾಗಿಲ ಕಡೆ ತಿರುಗಿಸಿದೆ. ಬೀದಿಯ ಬೆಳಕು ನೆಲದ ಮೇಲೆ ಒಂದು ಗೆರೆಯಾಗಿ ಬಿತ್ತು. ಜೊತೆಗೆ ಗೂಡು ಬೇಯುವ ವಾಸನೆ. ಅದರ ಹಿಂದೆಯೇ ಅಮೀನಾಬಿ.

"ಯಾಕಮ್ಮೀ, ಇನ್ನೂ ಎಣ್ಣೆ ಹಚ್ಚಿಲ್ವಾ?" ಎಂದು ಚಿಕ್ಕತಾಯಿ ಕೂಗಿದಳು. ಬಾಗಿಲಾಚೆ ಬಿಂದಿಗೆ ಠಣ್ಣೆಂದು ಕೆಳಗಿಟ್ಟ ಸದ್ದಾಯಿತು.

ಅಲ್ಲಿಂದ ಮುಂದೆ ನನಗೆ ದಿನಾ ಸುದ್ದಿ ಸಿಗುತ್ತಿತ್ತು. ಟೈಲರು ಹೊಸ ಚಪ್ಪಲಿ ತೆಗೆದುಕೊಂಡಿದ್ದಾನೆ, ಮಗಳಿಗೆ ಗಂಡು ಗೊತ್ತಾಗಿರಬೇಕು. ಕಂಬದ ಹತ್ತಿರ ಕಾಲೇಜಿನ ಹುಡುಗಿಯೊಬ್ಬಳು ಒಂದು ಪಾದವನ್ನು ಚಪ್ಪಲಿಯಿಂದ ತೆಗೆದು ಇನ್ನೊಂದರ ಮೇಲಿಟ್ಟುಕೊಂಡು ನಿಲ್ಲುತ್ತಾಳೆ, ಆಮೇಲೆ ಒಂದು ಸ್ಕೂಟರಿನ ಚಕ್ರ ಬರುತ್ತದೆ, ಆ ಪಾದ ಗಡಿಬಿಡಿಯಿಂದ ಚಪ್ಪಲಿ ಹುಡುಕುತ್ತದೆ. ಮೂಲೆಮನೆಯ ಯಜಮಾನರು ಹೆಂಡತಿಯ ಜೊತೆ ಜಗಳವಾದ ದಿನ ಹಿಮ್ಮಡಿ ಊರಿ ನಡೆಯುತ್ತಾರೆ. ಇದೇ ಬೀದಿಯಲ್ಲಿ ಇಷ್ಟು ವರ್ಷವಿದ್ದು ನಾನು ಇವರೆಲ್ಲರ ಮುಖಕ್ಕೆ ಗುಡ್ ಮಾರ್ನಿಂಗ್ ಹೇಳಿದ್ದೇನೆಯೇ ಹೊರತು ಯಾರ ಕಥೆಯೂ ನನಗೆ ಗೊತ್ತಿರಲಿಲ್ಲ. ಮುಖ ನೋಡಿ ಮಾತಾಡಿ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಮುಖಕ್ಕೆ ಸುಳ್ಳು ಹೇಳುವುದನ್ನೂ ಅಲ್ಲೇ ಕಲಿಸಿದ್ದರು ಅನ್ನಿ.

ಮುದ್ದೆ ಮತ್ತೆ ಅರ್ಧಕ್ಕೆ ಏರಿತು. ಪೂರ್ತಿಗೆ ಏರಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅವಳ ಮೈಯಿಂದ ಇಳಿದುಹೋದದ್ದು ಮರಳಿ ಬರಲಿಲ್ಲ. ವೈಶಾಖದ ಒಂದು ಮಧ್ಯಾಹ್ನ, ಒಂದು ಎಲೆಯೂ ಅಲ್ಲಾಡದ ಬಿರುಬಿಸಿಲಿನಲ್ಲಿ, ಬಾಗಿಲ ಕಡೆ ಮುಖ ಮಾಡಿಕೊಂಡೇ ಚಿಕ್ಕತಾಯಿ ಹೋದಳು. ಥಂಡಿ ಗಾಳಿಯ ಮೇಲೆ ತಪ್ಪು ಹೊರಿಸಲು ಡಾಕ್ಟರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಆ ಚಳಿಗಾಲವನ್ನು ಅವಳಿಗೆ ವಾಪಸು ಕೊಡುವ ಹಾಗಿದ್ದರೆ ನನ್ನ ಎರಡು ಚಳಿಗಾಲ ಕೊಟ್ಟುಬಿಡುತ್ತಿದ್ದೆ. ಆದರೆ ಹಾಗೆ ಕೊಟ್ಟು ತೆಗೆದುಕೊಳ್ಳುವ ಅಂಗಡಿ ಇಲ್ಲ.

ರಬ್ಬರು ಪಟ್ಟಿ ಅಟ್ಟದ ಮೇಲಿದೆ. ಬಾಗಿಲ ಸಂದಿ ಹಾಗೇ ಇದೆ. ಗಾಳಿ ಬರುತ್ತದೆ, ನಾನು ಸಾಕ್ಸ್ ಹಾಕಿಕೊಳ್ಳುತ್ತೇನೆ. ಬೆಳಗಿನ ಕಾಫಿ ಆದ ಮೇಲೆ ಅವಳು ಮಲಗುತ್ತಿದ್ದ ಜಾಗದಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಕತ್ತು ಬಗ್ಗಿಸಿ, ಕಲಿಯಲು ನೋಡುತ್ತೇನೆ. ಬರುವುದಿಲ್ಲ. ಎಲ್ಲ ಕಾಲೂ ನನಗೆ ಒಂದೇ ಥರ ಕಾಣುತ್ತವೆ, ಅವಳಿಗೆ ನನ್ನ ಇಂಗ್ಲಿಷ್ ಮ್ಯಾಗಜಿನ್ನಿನ ಅಕ್ಷರಗಳು ಕಂಡ ಹಾಗೆ.

ಮೊನ್ನೆ ಹೀಗೇ ಕೂತಿದ್ದಾಗ ಎರಡು ಪಾದ ಬಂದು ನಮ್ಮ ಬಾಗಿಲ ಮುಂದೆ ನಿಂತವು. ಪಕ್ಕದಲ್ಲಿ ಬಿಂದಿಗೆಯಂಥದೇನೋ ಠಣ್ಣೆಂದು ಇಳಿಯಿತು. ಈ ಸಲ ಗುರುತು ಹಿಡಿದೆ ಎಂದು ನನಗೆ ಎಷ್ಟು ಸಂತೋಷವಾಯಿತು ಅಂದರೆ ದನಿ ಎತ್ತಿ ಕೂಗಿಯೇಬಿಟ್ಟೆ.

"ಏನಮ್ಮ ಅಮೀನಾ, ಹಿಮ್ಮಡಿ ಹೇಗಿದೆ?"

ಆಚೆಯಿಂದ ಒಂದು ಗಡಸು ಗಂಡುದನಿ, ಬಹಳ ಸಂಕೋಚದಿಂದ ಹೇಳಿತು.

"ಅಮೀನಾ ಅಲ್ಲ ಕಣಮ್ಮ, ಗ್ಯಾಸ್‌ನೋನು. ಹಿಮ್ಮಡಿ ಒಸಿ ಒಡ್ದೈತೆ."

"ಹರಳೆಣ್ಣೆ ಹಚ್ಚಪ್ಪ" ಅಂದೆ.